ಹೆಸರು ಹೇಳಿ ಮುಗಿಯುವಷ್ಟು ನೀರು

"ಬಂದ್ ಆತೇನು?"

ಇನ್ನೂ ಬೆಳಕು ಹರಿದಿಲ್ಲ. ಓಣಿಯ ಬಾಯಲ್ಲಿ, ವಾಲ್ವಿನ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಗೋಣೆಪ್ಪ ಕೇಳುತ್ತಾರೆ. ಅಕ್ಕಪಕ್ಕ ಯಾರೂ ಇಲ್ಲ. ಗುಂಡಿಯೊಳಗೆ ಕುಯ್ ಎಂದು ಸಣ್ಣ ಸದ್ದಾಗುತ್ತದೆ. ಕೊಳವೆಯಲ್ಲಿ ಹರಿಯುತ್ತಿದ್ದ ನೀರಿನ ಗುನುಗು ಸಣ್ಣಗಾಗಿ ನಿಲ್ಲುತ್ತದೆ. ಅವರ ಬಲಗೈ ತಾನಾಗಿ ಪಕ್ಕಕ್ಕೆ ಚಾಚುತ್ತದೆ. ವಾಲ್ವು ತಿರುವುವ ಉದ್ದನೆಯ ಕಬ್ಬಿಣದ ಚಾವಿ ಅಲ್ಲಿಲ್ಲ. ಅದೀಗ ಪಂಚಾಯ್ತಿ ಕಚೇರಿಯ ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತಿದೆ. ಕೈಯನ್ನು ಹಿಂದಕ್ಕೆಳೆದು, ಏನೋ ಕಳಕೊಂಡವರಂತೆ ಅಂಗೈ ನೋಡಿಕೊಳ್ಳುತ್ತಾರೆ.

ಹಂಸಭಾವಿ ದಾಟಿ, ಹಿರೇಕೆರೂರಿನ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಹಳ್ಳಿ ಇದು. ಆರು ಓಣಿ, ಒಂದು ನೀರಿನ ಟಾಕಿ. ಟಾಕಿ ಸಣ್ಣದು, ಊರು ಬೆಳೆದಿದೆ. ಒಂದು ಓಣಿಗೆ ನೀರು ಬಿಟ್ಟು, ಬಂದ್ ಮಾಡಿ, ಇನ್ನೊಂದಕ್ಕೆ ಬಿಡಬೇಕು. ಮೀಸೆ ಕಪ್ಪಗಿದ್ದಾಗಿನಿಂದ ಗೋಣೆಪ್ಪ ಮಾಡಿಕೊಂಡು ಬಂದದ್ದು ಇದನ್ನೇ. ಮಳೆಯಿದ್ದರೂ ಇದೇ, ಮೈಕೈ ನೋವಿದ್ದರೂ ಇದೇ. ನಳ ತಿರುವಿದವರಿಗೆ ನೀರು ಕಾಣುತ್ತದೆ, ಬಿಟ್ಟವರು ಕಾಣುವುದಿಲ್ಲ. ನೀರು ಬರದ ದಿನ ಮಾತ್ರ ಊರಿಗೆಲ್ಲ ಅವರ ನೆನಪಾಗುತ್ತದೆ.

"ಆವತ್ತೂ ಪೂರಾ ಹೆಸರಲೇ ಕರಿಯೂದಿಲ್ರಿ. ಎಲ್ಲಿ ಹ್ವಾದ ಗೋಣ್ಯಾ ಅಂತಾರ," ಎಂದು ನಗುತ್ತಾರೆ.

ಗೋಣೆಪ್ಪ ಚಿಕ್ಕವರಿದ್ದಾಗ ಅವರ ಅವ್ವ ಯಂಕವ್ವ ಹಾನಗಲ್ಲಿನ ತಂಗಿಯ ಮನೆಯಲ್ಲಿ ಜಡ್ಡಿಗೆ ಬಿದ್ದು ಹಾಸಿಗೆ ಹಿಡಿದಿದ್ದರು. ಪಕ್ಕದ ಮನೆಯ ಕ್ರೈಸ್ತ ಮುದುಕಿಯೊಬ್ಬಳು ದಿನಾ ಬಂದು ಗಂಜಿ ಕುಡಿಸಿ, ತಲೆಯ ಮೇಲೆ ಕೈಯಿಟ್ಟು ಯೇಸುವನ್ನು ಬೇಡಿಕೊಂಡು ಹೋಗುತ್ತಿದ್ದಳು. ಜಡ್ಡು ವಾಸಿಯಾಗಿ ಊರಿಗೆ ಬಂದ ಅವ್ವನ ಹಿಂದೆಯೇ ಆ ಬೇಡಿಕೊಳ್ಳುವುದೂ ಮನೆಗೆ ಬಂತು. ಮಗನ ಹೆಸರು ಮಾತ್ರ ಬದಲಾಗಲಿಲ್ಲ. ಯಾಕೆಂದು ಕೇಳಿದರೆ, "ಹುಟ್ಟಿಸಿದಾಂವಗ ಗುರುತು ಸಿಗೂದಿಲ್ಲೇನ್ರಿ?" ಅನ್ನುತ್ತಾರೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಬಾಯಿಪಾಠವಾದ ನಾಕು ಮಾತು, ಮೇಲೆ ಒಂದು ರೂಢಿ, ಇಷ್ಟೇ ಅವರ ಭಕ್ತಿ. "ಯಾರ ಮನಿ ಮುಂದ ಹಾದು ಹ್ವಾದ್ರೂ ಅವರ ಹೆಸರ ದೇವರ ಕಿವಿಗೆ ಹಾಕಿ ಹೋಗಬೇಕು ಅಂತಿದ್ಲು ನಮ್ಮವ್ವ. ಬೈದಾವರ ಮನಿ ಇದ್ರ ಎರಡು ಸರ್ತೆ."

ನೀರು ಬಿಡುವ ಕೆಲಸ ಸಿಕ್ಕ ಹೊಸತರಲ್ಲಿ ಓಣಿ ಓಣಿಗೂ ಜಗಳ. ಅವರಿಗೆ ಹೆಚ್ಚು, ನಮಗೆ ಕಡಿಮೆ. ಗಡಿಯಾರ ಕಟ್ಟಿಕೊಂಡು ನಿಂತರೂ ಜಗಳ ತಪ್ಪಲಿಲ್ಲ. ಎಂಟು ಜನರಿರುವ ಮನೆಗೂ ಇಬ್ಬರಿರುವ ಮನೆಗೂ ಒಂದೇ ಅಳತೆಯಾದರೆ ಹೇಗೆ? ಆಗ ಅವ್ವನ ರೂಢಿ ನೆನಪಾಯಿತು. ಚಾವಿ ತಿರುವಿ ನೀರು ಬಿಟ್ಟು, ಓಣಿಯ ಮೊದಲ ಮನೆಯಿಂದ ಕಡೆಯ ಮನೆಯವರೆಗೆ ಒಬ್ಬೊಬ್ಬರ ಹೆಸರು ಹಿಡಿದು ಬೇಡಿಕೊಳ್ಳುತ್ತ ಹೋದರು. ಇವಳ ಬಾಣಂತನ ಸುಸೂತ್ರ ಆಗಲಿ, ಅವನು ಕುಡಿತ ಬಿಡಲಿ, ಈ ಮುದುಕನ ಕೆಮ್ಮು ನಿಲ್ಲಲಿ. ಕಡೆಯ ಹೆಸರಿಗೆ ಆಮೆನ್ ಅಂದು ಚಾವಿ ತಿರುವಿದರೆ ಎಲ್ಲರ ಕೊಡವೂ ತುಂಬಿರುತ್ತಿತ್ತು. ಮಂದಿ ಹೆಚ್ಚಿದ್ದಲ್ಲಿ ಹೆಸರು ಹೆಚ್ಚು, ನೀರೂ ಹೆಚ್ಚು. ಕೂಸು ಹುಟ್ಟಿದರೆ ಇನ್ನೊಂದಿಷ್ಟು.

ತುಟಿ ಅಲ್ಲಾಡುವುದನ್ನು ಕಂಡ ಊರು ಸುಮ್ಮನಿರುತ್ತದೆಯೇ? ಮೇಲಿನ ಓಣಿಯ ಪರಮೇಶಪ್ಪ ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದರು: "ಏ ಗೋಣ್ಯಾ, ಇವತ್ತ ನನ್ನ ಹೆಸರ ಸಾವಕಾಶ ತಗೋಳೋ! ಎಮ್ಮಿ ಮೈ ತೊಳೀಬೇಕು!"

ಈ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ವಾಲ್ವುಗಳು ಬದಲಾದವು. ಟಾಕಿಯ ಬುಡದಲ್ಲಿ ಒಂದು ಪೆಟ್ಟಿಗೆ ಕೂತಿತು. ಹೊತ್ತಿಗೆ ಸರಿಯಾಗಿ ಅದೇ ತೆರೆಯುತ್ತದೆ, ಅದೇ ಮುಚ್ಚುತ್ತದೆ. ಗೋಣೆಪ್ಪನವರ ಕೆಲಸ ಹೋಗಲಿಲ್ಲ. ಪೆಟ್ಟಿಗೆಯ ಕೆಂಪು ದೀಪ ಹತ್ತಿದರೆ ಫೋನ್ ಮಾಡುವುದು ಈಗಿನ ಕೆಲಸ.

ಪೆಟ್ಟಿಗೆ ಕೂರಿಸಲು ಬಂದವರು ಶಿಗ್ಗಾವಿಯ ಅಂಬರೀಶ, ಹುಡುಗುಮುಖದ ಎಂಜಿನಿಯರು. ಓಣಿಗೆ ಎಷ್ಟು ಹೊತ್ತು ಬಿಡುತ್ತೀರಿ ಎಂದು ಕೇಳಿದರು. ಹೆಸರು ಹೇಳಿ ಮುಗಿಯುವ ತನಕ ಅಂದರು ಗೋಣೆಪ್ಪ. ಅಂಬರೀಶ ನಕ್ಕು, "ಹಂಗಾರ ಹೇಳ್ರಿ ಕಾಕಾ, ನಾ ಫೋನಿನ್ಯಾಗ ಹೊತ್ತು ಹಿಡೀತೇನಿ," ಎಂದು ಪಕ್ಕದಲ್ಲೇ ನಿಂತುಬಿಟ್ಟರು.

ಐದು ಓಣಿ ಹೇಗೋ ಆಯಿತು. ಆರನೆಯದು ಗೌಸಬಿಯ ಓಣಿ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಹಾಕಿ ಮನೆ ನಡೆಸುವ ಹೆಂಗಸು ಗೌಸಬಿ. ಕಡೆಯ ಮನೆ ಅವರದು. ಆ ಮನೆಗೊಂದು ಸಂಕಟವಿದೆ, ಅವರ ಮಗ ಅಲ್ಲಾಭಕ್ಷನದು. ಏನೆಂದು ಗೋಣೆಪ್ಪ ಹೇಳುವುದಿಲ್ಲ. ಇಲ್ಲಿ ಬರೆಯುವುದೂ ಇಲ್ಲ. ಅಂಥದ್ದೇ ಇನ್ನೆರಡು ಮನೆ ಆ ಓಣಿಯಲ್ಲಿವೆ. ಅಪರಿಚಿತ ಕಿವಿಯ ಮುಂದೆ ಗೋಣೆಪ್ಪ ಆ ಮನೆಗಳ ಹೆಸರು ನುಂಗಿ, ಗಡಬಡಿಸಿ ಆಮೆನ್ ಅಂದುಬಿಟ್ಟರು. ಅಂಬರೀಶ ಅಷ್ಟೇ ಹೊತ್ತನ್ನು ಪೆಟ್ಟಿಗೆಗೆ ತುಂಬಿ ಹೋದರು.

ಅಂದಿನಿಂದ ಪೆಟ್ಟಿಗೆ ದಿನವೂ ಅವರ ಆ ಅರೆಬರೆ ಪ್ರಾರ್ಥನೆಯನ್ನೇ ಒಪ್ಪಿಸುತ್ತಿದೆ. ಆ ಓಣಿಯ ಕಡೆಯ ಮನೆಗಳಿಗೆ ನೀರು ತಲುಪುವಷ್ಟರಲ್ಲಿ ಕುಯ್ ಎನ್ನುತ್ತದೆ.

ಆದರೆ ಗೋಣೆಪ್ಪನವರ ನಿದ್ದೆ ಕೆಡಿಸಿದ್ದು ಇನ್ನೊಂದು. ಬೆಳಗ್ಗೆ ಮನೆಯಲ್ಲಿ ಚಾಪೆ ಹಾಸಿ ಕೂತರೆ ನಾಲ್ಕನೆಯ ಹೆಸರಿಗೇ ದಾರಿ ತಪ್ಪುತ್ತದೆ. ಹೆಂಡತಿ ಮಂಜುಳಾ ರೊಟ್ಟಿ ಬಡಿಯುತ್ತಲೇ ಗದರುತ್ತಾರೆ: "ಬೇಡ್ಕೋರಿ ಅಂದ್ರ ಕೈ ಯಾಕ ತಿರುವಾಕತ್ತೀರಿ? ದೇವರಿಗೇನ ನಳ ಹಚ್ಚೀರೇನು?"

ಗೋಣೆಪ್ಪ ನಗುವುದಿಲ್ಲ. "ಕೈಯಾಗ ಚಾವಿ ಇಲ್ಲಂದ್ರ ಬಾಯಾಗ ಹೆಸರ ಬರವಲ್ದು. ಇಷ್ಟು ವರ್ಷ ನಾ ನಂಬಿದ್ದು ಯೇಸುಸ್ವಾಮೀನೋ, ಆ ಕಬ್ಬಿಣಾನೋ?" ಭಾನುವಾರ ಹಿರೇಕೆರೂರಿನ ಚರ್ಚಿನಲ್ಲೂ ಇದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಹಾಡಿಗೆ ಎಲ್ಲರೂ ಎದ್ದು ನಿಂತರೆ, ಅವರು ಬೆಂಚು ಹಿಡಿದು ಕೂತೇ ಇದ್ದರು.

ಒಂದು ಮುಂಜಾನೆ ಖಾಲಿ ಕೊಡ ಹಿಡಿದು ಗೌಸಬಿ ಗುಂಡಿಯ ಹತ್ತಿರ ಬಂದರು. "ಏನಪಾ ತಮ್ಮಾ, ನಮ್ಮನ್ನ ಮರ್ತಿ ಏನು?"

ಗೋಣೆಪ್ಪ ನೆಲ ನೋಡುತ್ತ ಇದ್ದದ್ದನ್ನು ಹೇಳಿದರು. "ಆ ಮನಶ್ಯಾ ಬಾಜೂಕ ನಿಂತಿದ್ದ ಅಕ್ಕಾ. ನಿಮ್ಮ ಮನಿ ಹೆಸರ ನುಂಗಿಬಿಟ್ಟೆ."

ಗೌಸಬಿ ಕೊಡವನ್ನು ಸೊಂಟಕ್ಕೇರಿಸಿಕೊಂಡರು. "ನುಂಗಿದ್ದು ಚಲೋ ಆತು. ಅವನ ಮುಂದ ಉಗುಳಿದ್ರ ನಿನ್ನ ಜೋಡಿ ಜನ್ಮದಾಗ ಮಾತಾಡ್ತಿದ್ದಿಲ್ಲ. ನೀರ ಬೋರಿಂಗಿನಿಂದ ತರ್ತೇನಿ ಬಿಡು, ಸೊಂಟ ಇನ್ನೂ ಗಟ್ಟಿ ಐತಿ. ನನ್ನ ಮಗನ ಹೆಸರ ಮಾತ್ರ ಬಿಡಬ್ಯಾಡ."

"ಚಾವಿ ಇಲ್ದ ಬರವಲ್ದು ಅಕ್ಕಾ."

"ನಿಮ್ಮವ್ವನ ಕೈಯಾಗ ಯಾವ ಚಾವಿ ಇತ್ತೋ?"

ಮರುದಿನ ಬೆಳಗ್ಗೆ ಗೋಣೆಪ್ಪ ಗುಂಡಿಯ ಮುಂದೆ ಕೂರಲಿಲ್ಲ. ಬರಿಗೈಯಲ್ಲಿ ಗೌಸಬಿಯ ಓಣಿಯೊಳಗೆ ನಡೆದರು. ಒಂದೊಂದು ಬಾಗಿಲ ಮುಂದೆ ನಿಂತು, ಹೆಸರು ಹೇಳಿ, ಮುಂದೆ. ಎರಡು ಸಲ ತಪ್ಪಿತು. ಹಿಂದಿನ ಬಾಗಿಲಿಗೆ ಹೋಗಿ ಮತ್ತೆ ಹಿಡಿದರು. ಮುಕ್ಕಾಲು ಓಣಿ ಮುಗಿದಿರಬೇಕು, ವಾಲ್ವು ಕುಯ್ ಎಂದಿತು. ನಳಗಳು ಒಂದೊಂದಾಗಿ ಬಾಯಿ ಮುಚ್ಚಿದವು. ನೀರು ನಿಂತ ಮೇಲೂ ಬೇಡಿಕೊಂಡು ಅವರಿಗೆ ರೂಢಿಯೇ ಇರಲಿಲ್ಲ.

"ಬಂದ್ ಆತು ಅಂತ ಗೊತ್ತಾತ್ರಿ. ಆದ್ರ ಬಾಯಿ ಬಂದ್ ಆಗ್ಲಿಲ್ಲ," ಅನ್ನುತ್ತಾರೆ. "ಉಳಿದ ಮನಿಗಳಿಗೆ ಕೊಡಾಕ ನನ್ನ ಹಂತೇಕ ಏನೂ ಇದ್ದಿಲ್ಲ, ಹನಿ ನೀರೂ ಇದ್ದಿಲ್ಲ. ಬರೇ ಹೆಸರ ಕೊಟ್ಟು ಬಂದೆ. ಕೇಳಾಂವ ಕೇಳಿದ ಅನಸ್ತು." ನಾಳೆಯೂ ಹಾಗೇ ಅನಿಸುತ್ತದೆಯೇ ಎಂದರೆ, ಗೊತ್ತಿಲ್ಲ ಎಂದು ತಲೆಯಾಡಿಸುತ್ತಾರೆ. ದಿನವೂ ಅಂಜಿಕೊಂಡೇ ಓಣಿಗೆ ಇಳಿಯುತ್ತಾರಂತೆ.

ನೀರಿನ ಚಿಂತೆ ಹಾಗೇ ಉಳಿಯಿತು. ಗೋಣೆಪ್ಪ ತಾವೇ ಫೋನ್ ಮಾಡಿ ಅಂಬರೀಶರನ್ನು ಕರೆಸಿದ್ದಾರೆ. ಸವಣೂರಿನಲ್ಲಿ ಮತ್ತೊಂದು ಪೆಟ್ಟಿಗೆ ಕಾಯುತ್ತಿದೆಯೆಂದು ಅಂಬರೀಶ ಗಾಡಿಯಿಂದ ಪೂರ್ತಿ ಇಳಿಯದೆ ಒಂದು ಕಾಲೂರಿ ನಿಂತಿದ್ದಾರೆ. ಓಣಿಯ ತುದಿಯಲ್ಲಿ ಗೌಸಬಿ ಕೊಡ ಹಿಡಿದು ಇತ್ತಲೇ ನೋಡುತ್ತಿದ್ದಾರೆ.

"ಆವತ್ತ ನಾ ತಪ್ಪು ಹೇಳಿದ್ನಿ. ಹೊತ್ತು ಹೆಚ್ಚು ಮಾಡ್ರಿ," ಅನ್ನುತ್ತಾರೆ ಗೋಣೆಪ್ಪ.

"ಎಷ್ಟು ಮಾಡ್ಲಿ?"

"ಆ ಅಕ್ಕನ ನಳದ ಮುಂದ ಕುಂತ್ಕೋರಿ. ಕೊಡ ತುಂಬಿದಾಗ ನಿಮಗ ಗೊತ್ತಾಗ್ತೈತಿ."

"ಅಷ್ಟು ಪುರಸೊತ್ತೆಲ್ಲೈತಿ ಕಾಕಾ? ಅಂದಾಜಿನ ಮ್ಯಾಲ ತುಂಬಾಕೂ ಬರೂದಿಲ್ಲ." ಅಂಬರೀಶ ಫೋನು ತೆಗೆದು ಗೋಣೆಪ್ಪನವರ ಬಾಯಿಯ ಹತ್ತಿರ ಹಿಡಿಯುತ್ತಾರೆ. "ಹೆಸರ ಇನ್ನೊಮ್ಮೆ ಹೇಳಿಬಿಡ್ರಿ. ಈ ಸರ್ತೆ ಒಂದೂ ಬಿಡದ, ಪೂರಾ. ಈಗಿಂದೀಗ ತುಂಬಿ ಹೋಗ್ತೇನಿ. ಇಲ್ಲಂದ್ರ ನಾ ಬರೂದು ಮುಂದಿನ ತಿಂಗಳ."

ಗೋಣೆಪ್ಪ ತುದಿಯ ಮನೆಯ ಕಡೆ ನೋಡುತ್ತಾರೆ. ಖಾಲಿ ಕೊಡ ನೋಡುತ್ತಾರೆ. ಬೋರಿಂಗಿನ ದಾರಿ ಎಷ್ಟು ದೂರವೆಂದು ಅವರಿಗೆ ಗೊತ್ತು. ನಿಧಾನಕ್ಕೆ ಕೈಯೆತ್ತಿ ಫೋನನ್ನು ಪಕ್ಕಕ್ಕೆ ಸರಿಸುತ್ತಾರೆ.

"ಇಲ್ಲ," ಅನ್ನುತ್ತಾರೆ. "ಅವು ನಿಮಗ ಹೇಳೂ ಹೆಸರಲ್ಲ."