ಪಕ್ಕದ ಗೋಡೆಯ ಪಿಕೋ

ಬಾರಾಂಕಿಯಾ ನಗರದ ರೆಬೋಲೊ ಕೇರಿಯ ಚಿಕ್ಕ ಆಸ್ಪತ್ರೆಯಲ್ಲಿ ಹದಿನೇಳು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ನೆರೇಯ್ಡಾ ಚಾರ್ರಿಸ್. ರೋಗಿಗಳ ಕಡತವೆಲ್ಲ ಇರುವ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದವಳು, ಅದರ ಧೂಳು ಒರೆಸುವವಳು, ಅದು ಕೆಮ್ಮಿದರೆ ಊಟ ಬಿಟ್ಟು ಓಡಿಬರುವವಳು ಅವಳೇ. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಾಗೆಂದು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳೂ ಅವಳೇ.

ಕಾರ್ನಿವಲ್ ಹಬ್ಬಕ್ಕೆ ತಿಂಗಳಿರುವಾಗ ಯಂತ್ರ ಕುಂಟತೊಡಗಿತು. ಬೆಳಗ್ಗೆ ಚೆನ್ನಾಗಿಯೇ ಓಡುತ್ತಿತ್ತು. ಮಧ್ಯಾಹ್ನ ಎರಡು ದಾಟಿದರೆ ಸಾಕು, ಒಂದು ಕಡತ ತೆರೆಯಲು ನಾಲ್ಕು ನಿಮಿಷ. ಮಧ್ಯಾಹ್ನದ ಪಾಳಿ ದಿಲಿಯಾಳದು. ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂರುವ ಇಪ್ಪತ್ತಾರರ ಹುಡುಗಿ, ಒಂದರ ಮೇಲೊಂದು ಕಡತ ತೆರೆದಿಡುವ ಅಭ್ಯಾಸ ಅವಳಿಗೆ. ಕಾಗೆ ಕೂರುವುದಕ್ಕೂ ರೆಂಬೆ ಮುರಿಯುವುದಕ್ಕೂ ಸರಿಹೋಯಿತು. ದಿಲಿಯಾಳ ಅಜಾಗರೂಕತೆಯಿಂದಲೇ ಯಂತ್ರ ನಿಧಾನವಾಗಿದೆಯೆಂದು ನೆರೇಯ್ಡಾ ಒಂದು ಪುಟ ಬರೆದುಕೊಟ್ಟಳು. ಹಿರಿಯ ವೈದ್ಯ ಡಾಕ್ಟರ್ ಅರೀಸಾ ಗುರುವಾರ ಕಾಯುವ ಕೋಣೆಯಲ್ಲಿ, ರೋಗಿಗಳೆದುರಿಗೇ, "ನಾಳೆಯಿಂದ ಬರ್ಬೇಡಮ್ಮ" ಎಂದುಬಿಟ್ಟರು. ಸೋಮವಾರದಿಂದ ಆ ಕುರ್ಚಿಗೆ ಬೇರೊಬ್ಬಳನ್ನು ಗೊತ್ತುಮಾಡಿದರು.

ಶುಕ್ರವಾರ ಆ ಕುರ್ಚಿಯಲ್ಲಿ ನೆರೇಯ್ಡಾಳೇ ಕುಳಿತಳು. ಎರಡೂಕಾಲಿಗೆ ಯಂತ್ರ ಕುಂಟಿತು. ತೆರೆದಿದ್ದದ್ದು ಒಂದೇ ಕಡತ. ಎದ್ದಳು, ಕುಳಿತಳು, ಮತ್ತೆ ಎದ್ದಳು. ತಂದಿಟ್ಟ ಕರಿದ ಬಾಳೆಕಾಯಿ ಮುಟ್ಟಲಿಲ್ಲ. ಯಾವ ಪ್ರೋಗ್ರಾಮು ಹೆಚ್ಚು ತಿನ್ನುತ್ತಿದೆಯೆಂದು ನೋಡಿದಳು, ಯಾವುದೂ ಇಲ್ಲ. ಮೆಮೊರಿ ಬೇಕಾದಷ್ಟಿತ್ತು. ಪ್ರೊಸೆಸರ್ ಸುಮ್ಮನೆ ಕೈಕಟ್ಟಿ, ಕಡತಗಳನ್ನು ಇಟ್ಟಿರುವ ಡಿಸ್ಕಿಗಾಗಿ ಕಾಯುತ್ತಿತ್ತು. ಡಿಸ್ಕಿನ ಆರೋಗ್ಯದ ವರದಿ ತೆಗೆದರೆ ಒಂದೂ ಕೆಟ್ಟ ಜಾಗವಿಲ್ಲ. ಕೇಬಲ್ ಬದಲಿಸಿದಳು. ಡಿಸ್ಕ್ ಎಷ್ಟು ಹೊತ್ತು ಕಾಯಿಸುತ್ತಿದೆಯೆಂದು ಮಿಲಿಸೆಕೆಂಡುಗಳಲ್ಲಿ ಕ್ಷಣಕ್ಷಣಕ್ಕೂ ತೋರಿಸುವ ಅಂಕಿಯೊಂದನ್ನು ಪರದೆಯ ಮೇಲೆ ಹಾಕಿಕೊಂಡು, ಕಾಲು ಸುಟ್ಟ ಬೆಕ್ಕಿನಂತೆ ಕೋಣೆಯಲ್ಲಿ ತಿರುಗಾಡಿದಳು. ಅಂಕಿ ಒಂಬೈನೂರು, ಸಾವಿರ, ಸಾವಿರದಿನ್ನೂರು.

ಇದ್ದಕ್ಕಿದ್ದಂತೆ ಅದು ಎಂಟಕ್ಕಿಳಿಯಿತು.

ಅದೇ ಗಳಿಗೆಯಲ್ಲಿ ಪಕ್ಕದ ಅಂಗಳದಲ್ಲಿ ನೆರೆಮನೆಯ ಎಲಿಹಿಯೊ ಹಾಡು ನಿಲ್ಲಿಸಿ ಹಾಡಿನ ತಟ್ಟೆ ಬದಲಿಸುತ್ತಿದ್ದ. ಅವನದೊಂದು ಪಿಕೋ, ಬೀದಿಯನ್ನೆಲ್ಲ ಕುಣಿಸುವ ಆಳೆತ್ತರದ ಬಣ್ಣಬಣ್ಣದ ಸ್ಪೀಕರ್ ಪೆಟ್ಟಿಗೆ, ಹೆಸರು 'ಬೀದಿಗೂಳಿ'. ಕಾರ್ನಿವಲ್ ಹತ್ತಿರ ಬಂತೆಂದು ದಿನಾ ಮಧ್ಯಾಹ್ನ ಅದರ ಗಂಟಲು ಸರಿಮಾಡುತ್ತಿದ್ದ. ಆ ಕೇರಿಯಲ್ಲಿ ಪಿಕೋ ಸದ್ದನ್ನು ಯಾರೂ ಸದ್ದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಡು ಮತ್ತೆ ಶುರುವಾಯಿತು, ಅಂಕಿ ಸಾವಿರಕ್ಕೇರಿತು. ನೆರೇಯ್ಡಾ ಪಕ್ಕದ ಅಂಗಳಕ್ಕೆ ಓಡಿದಳು.

"ಎಲಿಹಿಯೊ, ನಾನು ಗೋಡೆ ತಟ್ಟಿದಾಗ ನಿಲ್ಸು, ಇನ್ನೊಂದ್ಸಲ ತಟ್ಟಿದ್ರೆ ಹಾಕು."

"ಏನು ಅಕ್ಕೋರೆ, ಈ ವಯಸ್ಸಲ್ಲಿ ಡ್ಯಾನ್ಸ್ ಕಲೀತಿದೀರಾ?"

"ನಿನ್ನ ಗೂಳಿ ನನ್ನ ಡಿಸ್ಕ್ ನಡುಗಿಸ್ತಿದೆಯಾ ಅಂತ ನೋಡ್ಬೇಕು ಕಣೋ."

ಎಲಿಹಿಯೊನ ಎದೆ ಎರಡಂಗುಲ ಉಬ್ಬಿತು. "ಹೆಂಚು ಜಾರ್ಸಿದ್ದು ಗೊತ್ತು, ಗಾಜು ಒಡ್ದಿದ್ದು ಗೊತ್ತು. ಕಂಪ್ಯೂಟರ್ ನಡುಗ್ಸಿದ್ದು ಇದೇ ಮೊದ್ಲು. ಒಂದು ಸರ್ಟಿಫಿಕೇಟ್ ಬರ್ಕೊಡಿ, ಪೆಟ್ಟಿಗೆ ಮೇಲೆ ಬರೆಸ್ತೀನಿ."

ಒಳಗೆ ಬಂದು ಗೋಡೆ ತಟ್ಟಿ ಮೂರು ಸಲ ನಿಲ್ಲಿಸಿ, ಮೂರು ಸಲ ಹಾಕಿಸಿದಳು. ಮೂರು ಸಲವೂ ಅಂಕಿ ಹಾಡಿನ ಜೊತೆಗೇ ಏರಿತು, ಇಳಿಯಿತು. ಕಳೆದ ಮಳೆಗಾಲದಲ್ಲಿ ಬೀದಿ ಹೊಳೆಯಾಗಿ ನೀರು ಆಸ್ಪತ್ರೆಗೆ ನುಗ್ಗಿದಾಗ, ಕೇರಿಯವರೆಲ್ಲ ಫ್ರಿಜ್ಜು ಮಂಚಗಳನ್ನು ಎತ್ತರಕ್ಕೇರಿಸಿದ್ದರು. ನೆರೇಯ್ಡಾಳೂ ಯಂತ್ರವನ್ನು ಎತ್ತಿ, ಎಲಿಹಿಯೊ ಅಂಗಳಕ್ಕೆ ಅಂಟಿದ ಗೋಡೆಗೆ ತೆಳು ಹಲಗೆ ಹೊಡೆದು ಕೂರಿಸಿದ್ದಳು. ಡಿಸ್ಕಿನೊಳಗಿನ ಮುಳ್ಳು ಕೂದಲಿಗಿಂತ ಸಣ್ಣ ಗೆರೆ ಹಿಡಿದು ಓದಬೇಕು. ಹಲಗೆ ಅದುರಿದರೆ ಗೆರೆ ತಪ್ಪುತ್ತದೆ, ಡಿಸ್ಕಿನ ತಟ್ಟೆ ಇನ್ನೊಂದು ಸುತ್ತು ಬರುವ ತನಕ ಕಾಯಬೇಕು, ಮತ್ತೆ ತಪ್ಪುತ್ತದೆ. ಆ ಹಲಗೆಗೆ ಮೊಳೆ ಹೊಡೆದದ್ದು ಅವಳದೇ ಕೈ. ಸಂಜೆಯೊಳಗೆ ಯಂತ್ರವನ್ನು ಎದುರು ಗೋಡೆಯ ಸಿಮೆಂಟ್ ಕಟ್ಟೆಗೆ ಸಾಗಿಸಿದಳು. ಬೀದಿಗೂಳಿ ಎಷ್ಟು ಗುಟುರು ಹಾಕಿದರೂ ಅಂಕಿ ಹತ್ತು ದಾಟಲಿಲ್ಲ. ಖುಷಿಪಡಬೇಕಾದ ಹೊತ್ತು, ಆದರೆ ಅವಳಿಗೆ ನಾಚಿಕೆಯಿಂದ ಮೈ ಉರಿಯುತ್ತಿತ್ತು.

ಶನಿವಾರ ಬೆಳಗ್ಗೆ ಡಾಕ್ಟರಿಗೆ ಎಲ್ಲ ಹೇಳಿದಳು.

"ದಿಲಿಯಾನ ವಾಪಸ್ ಕರೆಸಿ, ಹೊಸಬಳಿಗೆ ಬರೋದು ಬೇಡ ಅಂತ ನಾನು ಹೇಳ್ತೀನಿ. ಆದ್ರೆ ಡಿಸ್ಕ್ ಹಳೇದಾಗಿತ್ತು ಅಂತ ಬರ್ದುಬಿಡೋಣ" ಎಂದರು ಡಾಕ್ಟರು. "ನಿಮ್ಮ ಹೆಸರು ಯಾಕೆ ಬರ್ಬೇಕು."

ಎಷ್ಟು ಸುಲಭದ ದಾರಿ. ದಿಲಿಯಾಳ ಮನೆ ಮುಟ್ಟುವ ತನಕ ಆ ಮಾತು ಅವಳ ನಾಲಿಗೆಯ ಮೇಲೆಯೇ ಕುಳಿತಿತ್ತು. ದಿಲಿಯಾ ಹೊಸಿಲಲ್ಲಿ ಕುಳಿತು ಮರಗೆಣಸು ಸುಲಿಯುತ್ತಿದ್ದಳು. ನೋಡಿದರೂ ಏಳಲಿಲ್ಲ.

"ತಪ್ಪು ನಂದು ದಿಲಿಯಾ. ಹಲಗೆ ನಂದು, ಪುಟ ಬರ್ದಿದ್ದೂ ನಾನು" ಎಂದಳು ನೆರೇಯ್ಡಾ. ಡಿಸ್ಕ್ ಹಳೆಯದೆಂಬ ಮಾತು ಹೇಗೋ ಬಾಯಿಂದ ಬರಲಿಲ್ಲ. "ಸೋಮವಾರ ಬಾ."

ದಿಲಿಯಾ ಸುಲಿದ ಗೆಣಸನ್ನು ನೀರಿಗೆ ಹಾಕಿದಳು. "ಬರ್ತೀನಿ. ನನ್ನ ಕಳ್ಸಿದ್ದು ಇಪ್ಪತ್ತು ಜನರ ಎದ್ರು ಅಲ್ವಾ? ನೀವೂ ಅಲ್ಲೇ ನಿಂತ್ಕೊಂಡು ಹೇಳಿ."

ಭಾನುವಾರವಿಡೀ ನೆರೇಯ್ಡಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸೋಮವಾರ ಮಧ್ಯಾಹ್ನ ಕಾಯುವ ಕೋಣೆ ತುಂಬಿತ್ತು. ಅವಳು ದಿಲಿಯಾ ಕುಳಿತಿದ್ದ ಮೇಜಿನ ಪಕ್ಕ ನಿಂತು, ಒಂದೂ ಬಿಡದೆ ಹೇಳಿದಳು. ಹಲಗೆ, ಗೋಡೆ, ಪಿಕೋ, ಪುಟ.

"ಪಿಕೋನಾ?" ಎಂದ ಮೂಲೆಯ ಮುದುಕ. "ಹಂಗಾದ್ರೆ ನನ್ನ ಬೀಪಿನೂ ಅದ್ರದ್ದೇ ಕೆಲ್ಸ."

ಎಲ್ಲರೂ ನಕ್ಕರು. ನೆರೇಯ್ಡಾಳೂ ನಕ್ಕು, ಭಾರ ಇಳಿಯಿತೆಂದುಕೊಂಡು ಹೊರಡಲು ತಿರುಗಿದಳು. ದಿಲಿಯಾ ಮುದುಕನ ಕಡತ ತೆರೆದಿದ್ದಳು, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿತ್ತು. ಮುದುಕನ ಹೆಂಡತಿಯದನ್ನೂ ನೋಡಬೇಕಾಗಿತ್ತು. ದಿಲಿಯಾಳ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು.

"ಇನ್ನೊಂದು ತೆರೀಬಹುದಾ?" ಎಂದು ನೆರೇಯ್ಡಾಳನ್ನು ಕೇಳಿದಳು. ಅದರಲ್ಲಿ ಕುಹಕವಿರಲಿಲ್ಲ. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.