ಹಿಂದಿನ ಸಾಲಿನ ದನಿ

ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಸಂಗೀತದ ಅವಧಿ ಎಂದರೆ ಗಣಿತದ ಮಾಸ್ತರರು ಎರವಲು ಪಡೆದು ಮರಳಿಸದ ಅವಧಿ. ಅಂಥ ಅವಧಿಯನ್ನು ಮೂರು ದಶಕಗಳಿಗೂ ಮೀರಿ ಕಾಪಾಡಿಕೊಂಡು, ಮೊದಲು ಕಮಲಾಪುರದಲ್ಲಿ, ಆಮೇಲೆ ಕಲಬುರಗಿ ನಗರದಲ್ಲಿ ಮಕ್ಕಳ ಕಂಠಕ್ಕೆ ಶ್ರುತಿ ಕೂಡಿಸಿದ ಶ್ರೀಮತಿ ಲಲಿತಾಬಾಯಿಯವರು ಈ ವರ್ಷ ಸೇವೆಯಿಂದ ನಿವೃತ್ತರಾಗಿದ್ದಾರೆ. ನಮ್ಮ ಭಾಗದ ಶಾಲಾ ಸಂಗೀತದ ಚರಿತ್ರೆಯನ್ನು ಯಾರಾದರೂ ಬರೆದರೆ ಅವರ ಹೆಸರು ಮೊದಲ ಪುಟಗಳಲ್ಲೇ ಬರಬೇಕು. ಹೊರಗಿನವರಿಗೆ ಮಾತ್ರ ಅವರು ಒಂದೇ ಕಾರಣಕ್ಕೆ ಗೊತ್ತು: ಪಾಪ್ ಗಾಯಕಿ ಮೆಹರೀನಳ ಗುರು. ಆ ಕೀರ್ತಿ ತಂದ ಸಂತೋಷ ಕಡಿಮೆ, ಸಂಕಟ ಹೆಚ್ಚು. ಅಭಿನಂದನ ಗ್ರಂಥದಲ್ಲಿ ದುಃಖದ ಮಾತು ಬೇಡ ಎನ್ನುವವರಿದ್ದಾರೆ. ಅದನ್ನು ಬಿಟ್ಟು ಬರೆದರೆ ಇದು ಬೇರೆ ಯಾರನ್ನೋ ಕುರಿತ ಲೇಖನವಾಗುತ್ತದೆ.

ಕಮಲಾಪುರದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬಂದ ಹೊಸದರಲ್ಲೇ ಅವರು ಒಂದು ಪದ್ಧತಿ ಹಾಕಿಕೊಂಡರು. ಸಮೂಹಗಾನದಲ್ಲಿ ಯಾರ ದನಿ ಎಲ್ಲರಿಗಿಂತ ಅಳುಕುತ್ತದೋ ಆ ಹುಡುಗಿ ಮೈಕಿನ ಮುಂದೆ. ಯಾರದು ಗಟ್ಟಿಯೋ ಆಕೆ ಹಿಂದಿನ ಸಾಲಿನಲ್ಲಿ. ಮುಂದಿನವಳ ಅಂಜಿಕೆ ಹೋಗಬೇಕು, ಹಿಂದಿನವಳು ಹಾಡನ್ನು ಹೊರಬೇಕು. ಇದರಿಂದ ಸ್ಪರ್ಧೆಗಳಲ್ಲಿ ಬಹುಮಾನ ತಪ್ಪಿದ್ದೇ ಹೆಚ್ಚು. ಮುಖ್ಯೋಪಾಧ್ಯಾಯರು ಸಿಡುಕಿದರೆ, “ಬಹುಮಾನ ಕಪಾಟಿನ್ಯಾಗ ಇರ್ತದ್ರಿ ಸರ, ಹುಡುಗಿ ಮಂದಿ ನಡುವ ಇರಬೇಕಲ್ಲ” ಎನ್ನುತ್ತಿದ್ದರು.

ಮೆಹರೀನ್ ಆ ಶಾಲೆಗೆ ಬಂದಾಗ ತಾಯಿ ಜೈನಾಬಿಯವರು ಹಾಡಿಗೆ ಒಪ್ಪಿರಲಿಲ್ಲ. ಲಲಿತಾಬಾಯಿಯವರು ಅವರ ಮನೆಗೆ ಹೋಗಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ಕುಳಿತರು.

“ಹಾಡಿದ್ರ ಯಾರು ಲಗ್ನ ಮಾಡ್ಕೋತಾರ್ರಿ ಬಾಯಾರ?”

“ಹಾಡಲಾರದವರ ಮನಿ ಮುಂದ ವರಗಳು ಪಾಳಿ ಹಚ್ಯಾವೇನ್ರಿ?”

ಜೈನಾಬಿ ನಕ್ಕರು, ಮಗಳನ್ನು ಕಳಿಸಿದರು. ಕಲಬುರಗಿಯಲ್ಲಿ ಸ್ಪರ್ಧೆ ಇದ್ದ ದಿನಗಳಲ್ಲೆಲ್ಲ ಹುಡುಗಿಯನ್ನು ಬಸ್ಸಿನಲ್ಲಿ ಕರೆದೊಯ್ದು, ವಾಪಸ್ ಕರೆತಂದು, ತಾಯಿಯ ಕೈಗೇ ಒಪ್ಪಿಸಿ, ಗುರುಗಳು ಮನೆಗೆ ಮರಳುತ್ತಿದ್ದರು.

ಆದರೆ ಪದ್ಧತಿ ಮೆಹರೀನಳಿಗಾಗಿ ಬದಲಾಗಲಿಲ್ಲ. ತೊಗರಿ ಹೂವಿನ ಮೇಲೆ ತಾವೇ ಕಟ್ಟಿದ ಹಾಡನ್ನು ಅವರು ಶಾಲೆಯ ವಾರ್ಷಿಕೋತ್ಸವಕ್ಕೆ ಕಲಿಸಿದಾಗ, ಹಾಜರಿ ಕೂಗಿದರೂ ಬಾಯಿ ತೆರೆಯಲು ಹೆದರುತ್ತಿದ್ದ ಶೇವಂತಾ ಮುಂದೆ ನಿಂತಳು.

“ಟೀಚರ್, ನಾ ಯಾಕ ಹಿಂದ?” ಎಂದಳು ಮೆಹರೀನ್.

“ನೀ ಹಿಂದಿದ್ರ ಶೇವಂತಾ ಅಂಜಂಗಿಲ್ಲ.”

ಆ ದಿನದ ಹಾಡು ಶಾಲೆಯ ಟೇಪ್ ರೆಕಾರ್ಡರಿನಲ್ಲಿ ಮುದ್ರಿತವಾಯಿತು. ಮೆಹರೀನಳ ಬಾಲ್ಯದ ದನಿ ಉಳಿದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಮುಂದೆ ಆಕೆ ಕನ್ನಡ ಮತ್ತು ದಖನಿ ಉರ್ದು ಬೆರೆಸಿ ಹಾಡಿದ ಹಾಡುಗಳು ಮದುವೆ ಮನೆಗಳಲ್ಲಿ, ಟೆಂಪೋಗಳಲ್ಲಿ ಮೊಳಗಿದವು. ಮೂವತ್ತೈದು ತುಂಬುವ ಮೊದಲೇ ಕಾಯಿಲೆ ಬಿದ್ದು ತೀರಿಹೋದಳು. ಆಕೆಯ ಜೀವನದ ಮೇಲೆ ಸಿನಿಮಾ ಆಯಿತು. ದೊಡ್ಡವಳಾದ ಮೇಲಿನ ಹಾಡುಗಳೆಲ್ಲ ಚಿತ್ರದವರಿಗೆ ಸುಲಭವಾಗಿ ಸಿಕ್ಕವು. ಬಾಲ್ಯದ ಭಾಗಕ್ಕೆ ಏನೂ ಇರಲಿಲ್ಲ. ಲಲಿತಾಬಾಯಿಯವರು ತಾವು ಕಾಪಾಡಿಟ್ಟಿದ್ದ ಆ ಕ್ಯಾಸೆಟ್ಟನ್ನು ಅವರಿಗೆ ನಂಬಿ ಕೊಟ್ಟರು. ಯಾರು ಎಲ್ಲಿ ನಿಂತಿದ್ದರೆಂದು ಲಲಿತಾಬಾಯಿಯವರು ಹೇಳಲಿಲ್ಲ. ಚಿತ್ರದವರು ಕೇಳಲೂ ಇಲ್ಲ.

ಬಿಡುಗಡೆಗೆ ಮುಂಚೆ ಕಲಬುರಗಿಯ ಚಿತ್ರಮಂದಿರದಲ್ಲಿ ಊರವರಿಗೆಂದು ಒಂದು ಪ್ರದರ್ಶನವಿತ್ತು. ಪರದೆಯ ಮೇಲೆ ಪುಟ್ಟ ಹುಡುಗಿ ಮೈಕಿನ ಮುಂದೆ ಬಂದಳು. ಒಂದೇ ಒಂದು ಸಣ್ಣ ದನಿ ನಡುಗುತ್ತ ಎದ್ದಿತು, ಹಿಂದೆ ಯಾರೂ ಇಲ್ಲದೆ. “ನನ್ನ ಕೂಸು, ನನ್ನ ಕೂಸು” ಎಂದು ಜೈನಾಬಿ ಲಲಿತಾಬಾಯಿಯವರ ಕೈ ಹಿಡಿದು ಅತ್ತರು. ಸುತ್ತಲಿನ ಮಂದಿಯೂ ಅತ್ತಿತು. ಗುರುಗಳಿಗೆ ಮಾತ್ರ ಅಳು ಬರಲಿಲ್ಲ. ಆ ದನಿ ಶೇವಂತಾಳದು.

ಹೊರಗೆ ಚಿತ್ರದ ಧ್ವನಿ ತಂತ್ರಜ್ಞ ಸಲ್ಮಾನ್ ಹುರುಪಿನಲ್ಲಿದ್ದ. “ಹಿಂದಿನ ಗದ್ದಲ ಪೂರಾ ತೆಗದೀನ್ರಿ ಮೇಡಂ. ಕನ್ನಡಿ ಹಂಗ ಆಗ್ಯದಲ್ರಿ?”

“ಆ ಗದ್ದಲದಾಗ ಮೆಹರೀನ್ ಇದ್ದಳಪ್ಪ.”

ಹುಡುಗನ ಮುಖ ಇಳಿಯಿತು. ಯಾರಿಗೋ ಫೋನು ಮಾಡಿ ಬಂದು, “ಪಿಕ್ಚರ್ ಎಲ್ಲಾ ಥೇಟರಿಗಿ ಹೋಗ್ಯಾದ್ರಿ, ಈಗ ಬದ್ಲಿ ಮಾಡ್ಲಾಕ ಆಗಂಗಿಲ್ಲ. ನೀವು ಸುಮ್ನಿದ್ರ ಯಾರಿಗೂ ಗೊತ್ತಾಗಂಗಿಲ್ಲ” ಎಂದು ಕ್ಯಾಸೆಟ್ಟನ್ನು ಮರಳಿಸಿದ.

ಶೇವಂತಾ ಈಗ ನಂದೂರಿನ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಳೆ. ಸುದ್ದಿ ಕೇಳಿ ಫೋನಿನಲ್ಲೇ ನಕ್ಕಳು. “ಬಿಡ್ರಿ ಟೀಚರ್, ನಾ ಸತ್ರೂ ಇಷ್ಟು ಮಂದಿ ಅಳಂಗಿಲ್ಲ.” ನಗು ನಿಂತ ಮೇಲೆ, “ಆಕಿ ತಾಯಿಗಿ ಮಾತ್ರ ಹೇಳಬ್ಯಾಡ್ರಿ” ಎಂದಳು.

ಹೇಳದೆ ಇರಬಹುದಿತ್ತು. ಜೈನಾಬಿ ಆಗಲೇ ಆ ಹಾಡನ್ನು ತಮ್ಮ ಫೋನಿನ ಕಾಲರ್ ಟ್ಯೂನ್ ಮಾಡಿಸಿದ್ದರು. ಕರೆ ಮಾಡಿದಾಗಲೆಲ್ಲ ಶೇವಂತಾ ಹಾಡುತ್ತಿದ್ದಳು, ಆಮೇಲೆ ಜೈನಾಬಿ “ಕೇಳಿದ್ರೇನ್ರಿ ನನ್ನ ಮಗಳ್ನ?” ಎನ್ನುತ್ತಿದ್ದರು. ಸ್ವಂತ ಮಗಳ ದನಿ ಗುರುಗಳ ಚೀಲದಲ್ಲಿತ್ತು. ಒಂದು ದಿನ ಅವರು ಹಳೆಯ ಟೇಪ್ ರೆಕಾರ್ಡರನ್ನು ಹೊತ್ತು ಕಮಲಾಪುರದ ಬಸ್ಸು ಹತ್ತಿದರು.

ಎಲ್ಲವನ್ನೂ ಹೇಳಿ ಕ್ಯಾಸೆಟ್ ಹಾಕಿದರು. “ಮೆಹರೀನ್ ಹಿಂದದಾಳ್ರಿ. ಕಿವಿಗೊಟ್ಟು ಕೇಳ್ರಿ.” ಜೈನಾಬಿ ಕೇಳಿದರು. ಮತ್ತೆ ಹಾಕಿಸಿ ಕೇಳಿದರು. ಸೆರಗು ಸರಿಸಿ, ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೇಳಿದರು. ಲಲಿತಾಬಾಯಿಯವರಿಗೆ ಆ ದನಿ ಹಗಲಿನಷ್ಟು ಸ್ಪಷ್ಟ. ತಾಯಿಗೆ ಸಿಗಲಿಲ್ಲ.

“ಎಲ್ಲರ ದನಿ ಒಂದ ಆಗ್ಯದಲ್ರಿ, ಬಾಯಾರ.”

ಹಾಗೆ ಒಂದಾಗಿಸುವುದೇ ಅವರು ಜೀವಮಾನವಿಡೀ ಕಲಿಸಿದ ವಿದ್ಯೆ.

“ನನ್ನ ಮಗಳ್ನ ಯಾಕ ಹಿಂದ ನಿಲ್ಲಿಸಿದ್ರಿ?”

ಲಲಿತಾಬಾಯಿಯವರು ಕ್ಯಾಸೆಟ್ಟನ್ನೂ ಟೇಪ್ ರೆಕಾರ್ಡರನ್ನೂ ಅಲ್ಲೇ ಬಿಟ್ಟು ಬಂದರು. ಚಿತ್ರ ಇದ್ದಂತೆಯೇ ಬಿಡುಗಡೆಯಾಗಿ ಚೆನ್ನಾಗಿ ಓಡಿತು. ಜೈನಾಬಿಯವರ ಫೋನಿನಲ್ಲಿ ಈಗ ಬರಿ ಗಂಟೆ ಬಡಿಯುತ್ತದೆ, ಯಾರೂ ಎತ್ತುವುದಿಲ್ಲ.

ಶಾಲೆಯ ಬೀಳ್ಕೊಡುಗೆಗೆ ಜೈನಾಬಿಯವರನ್ನು ಕರೆದಿದ್ದರು, ಬರಲಿಲ್ಲ. ಅಂದಿನ ಹಾಡಿಗೂ ಎಲ್ಲರಿಗಿಂತ ಅಂಜುವ ಹುಡುಗಿಯೇ ಮುಂದೆ ನಿಂತಳು. ಆದರೆ ಲಲಿತಾಬಾಯಿಯವರು ಇನ್ನೊಂದು ಮೈಕು ಬೇಕೆಂದರು. “ಒಂದ ಸಾಕ್ರಿ ಬಾಯಾರ, ಎಲ್ಲಾ ಕೇಳಸ್ತದ” ಎಂದ ಮೈಕಿನವನು. ಅವರು ತಾವೇ ಒಂದನ್ನು ಹೊತ್ತು ಹಿಂದಿನ ಸಾಲಿನಲ್ಲಿ ನಿಲ್ಲಿಸಿ ಬಂದರು.

ಇನ್ನು ಮುಂದೆ ಕೋಟನೂರಿನ ಮನೆಯಲ್ಲಿ ಪಾಠ ಹೇಳುತ್ತಾರಂತೆ. ಅವರ ಆಯುಷ್ಯ ದೊಡ್ಡದಾಗಲಿ, ಗಂಟಲು ಗಟ್ಟಿಯಿರಲಿ. ಅಂಜುವ ಮಕ್ಕಳು ಅವರ ಮುಂದೆ ನಿಂತು ಹಾಡುತ್ತಲೇ ಇರಲಿ. ಹಿಂದೆ ನಿಂತವಳ ದನಿಯನ್ನೂ, ನಾಳೆ ಆಕೆಯ ತಾಯಿ ಹುಡುಕಿದರೆ ಸಿಗುವಷ್ಟಾದರೂ, ಬೇರೆಯಾಗಿ ಹಿಡಿದಿಡುವ ಕೆಲಸ ಅವರ ಕೈಯಿಂದ ನಡೆಯಲಿ.