ಏಳನೇ ಪೀಪಾಯಿ ತೊಳೆದವನು

ಬಿಯರ್ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಫಳಫಳ ಎಂದೇ ಕರೆಯುತ್ತಿದ್ದರು. ಅದು ಹೊಗಳಿಕೆ ಎಂದು ಅವನೊಬ್ಬನೇ ನಂಬಿದ್ದ. ವಯಸ್ಸು ಇಪ್ಪತ್ತಾರು. ಪಾಸಾದ ಡಿಗ್ರಿ ಒಂದು, ಉಪಯೋಗಕ್ಕೆ ಬಂದದ್ದು ಸೊನ್ನೆ. ಸಿಕ್ಕಿದ್ದು ತೊಳೆಯುವ ಕೆಲಸ, ಅದೂ ಹಂಗಾಮಿ. ಆದರೆ ಅವನು ಸೋಪಿಗೆ ಕೊಳೆ ಅಂಟಿದೆಯೆಂದು ಸೋಪನ್ನೇ ತೊಳೆದಿಡುವ ತಾಯಿಯ ಮಗ. ಕೆಲಸ ಕಾಯಂ ಆಗುವುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದಕ್ಕೆ ಪೀಪಾಯಿ ಕೋಣೆಯ ಮೇಲ್ವಿಚಾರಕಿಯ ಸಹಿಯೊಂದು ಬೇಕಿತ್ತು. ಆಕೆ ಅವನ ಸೋದರತ್ತೆ. ಸ್ವಂತ ಅತ್ತೆಯೆಂದರೆ ಸಹಿ ಸಲೀಸು ಎಂದುಕೊಳ್ಳುವವರು ಆ ಅತ್ತೆಯನ್ನು ನೋಡಿಲ್ಲ.

ಮಗಳ ಹೆರಿಗೆಗೆಂದು ಮೂರು ವಾರ ರಜೆ ಹಾಕಿ ಹೊರಟಾಗ ಅತ್ತೆ, ಏನನ್ನೂ ಮುಟ್ಟಬೇಡ ಎಂದು ಹೇಳಿಯೇ ಹೋಗಿದ್ದರು. ಊಟಕ್ಕೆ ಕರೆದವರು "ಬರುವಾಗ ಏನೂ ತರಬೇಡಿ" ಎನ್ನುತ್ತಾರಲ್ಲ, ಇವನು ಅದನ್ನು ಆ ಲೆಕ್ಕದಲ್ಲಿ ತೆಗೆದುಕೊಂಡ.

ಮೊದಲ ದಿನ ಜೇಡರ ಬಲೆಗಳು ಹೋದವು. ಎರಡನೇ ದಿನ ಗೋಡೆಯ ಬೂಷ್ಟು ಹೋಯಿತು. ಮೂರನೇ ದಿನ ಅವನ ಕಣ್ಣು ಏಳನೇ ನಂಬರಿನ ಪೀಪಾಯಿಯ ಮೇಲೆ ಬಿತ್ತು. ಆಳೆತ್ತರದ ಮುದಿ ಮರದ ಪೀಪಾಯಿ. ಮೂರು ವರ್ಷ ಅದರಲ್ಲಿ ಮಲಗಿದ್ದ ಏಲ್ ಎಂಬ ಕಡುಕಂದು ಬಿಯರನ್ನು ಹಿಂದಿನ ವಾರವಷ್ಟೇ ತೆಗೆದಿದ್ದರು. ಒಳಗೆ ಇಣುಕಿದರೆ ಕುದುರೆ ಲಾಯದ ನಾತ. ಪಾಪ, ಇಷ್ಟು ವರ್ಷ ಇದನ್ನು ಯಾರೂ ಕೇಳಿಲ್ಲವಲ್ಲ ಎಂದು ಮರುಗಿ, ಸೋಡಾ ಪುಡಿ ಸುರಿದು ಉಜ್ಜಿದ. ಸಾಲದೆಂದು ಎರಡು ದಿನ ಬಿಸಿ ಹಬೆ ಹಾಯಿಸಿದ. ಒಳಗೆ ತಲೆ ತೂರಿಸಿದರೂ ಏನೂ ವಾಸನೆ ಬಾರದಂತಾದ ಮೇಲೆ ಪಕ್ಕದಲ್ಲಿ ನಿಂತು ಫೋಟೊ ತೆಗೆದು ಅತ್ತೆಗೆ ಕಳಿಸಿದ.

ಅತ್ತೆ ಮರುದಿನವೇ ಬಂದಿಳಿದರು. ಮೊಮ್ಮಗು ಹುಟ್ಟಿ ಮೂರು ದಿನವಾಗಿತ್ತು. ಸೀದಾ ಏಳನೇ ಪೀಪಾಯಿಗೆ ಹೋಗಿ, ಮೂಗಿಟ್ಟು, ಬಹಳ ಹೊತ್ತಿನ ಮೇಲೆ ತಲೆ ಹೊರಗೆ ತೆಗೆದರು.

"ಎಷ್ಟು ಹೊತ್ತು ಹಬೆ ಬಿಟ್ಟೆ?"

"ಎರಡು ದಿನ, ಅತ್ತೆ." ಅವನ ದನಿಯಲ್ಲಿ ಹೆಮ್ಮೆ ಇನ್ನೂ ಇಳಿದಿರಲಿಲ್ಲ.

"ನಿಮ್ಮಪ್ಪನಿಗೂ ಇದೇ ಬುದ್ಧಿ ಇತ್ತು ಕಣೋ. ಆದ್ರೆ ಅವನು ಸೋಮಾರಿ. ಅದಕ್ಕೇ ಯಾರಿಗೂ ತೊಂದ್ರೆ ಆಗ್ಲಿಲ್ಲ."

ಆಮೇಲೆ ಅವನನ್ನು ಒಂದು ಖಾಲಿ ಕ್ರೇಟಿನ ಮೇಲೆ ಕೂರಿಸಿ ತಿಳಿಹೇಳಿದರು. ಬಿಯರ್ ಹುದುಗಿಸುವ ಮಾಮೂಲಿ ಯೀಸ್ಟು ಅವಸರದ ಆಸಾಮಿ. ಸಿಕ್ಕ ಸಕ್ಕರೆ ತಿಂದು ವಾರದೊಳಗೆ ಮಲಗಿಬಿಡುತ್ತದೆ. ಅದು ಬಿಟ್ಟ ಎಂಜಲನ್ನು ವರ್ಷಗಟ್ಟಲೆ ನಿಧಾನವಾಗಿ ಮೆಲ್ಲುವುದು ಕಾಡು ಯೀಸ್ಟು. ಹಳೇ ಏಲಿಗೆ ಚರ್ಮದ, ಕುದುರೆಯ ವಾಸನೆ ಬರುವುದು ಅದರಿಂದಲೇ. ಈ ಕಾರ್ಖಾನೆಯ ಕಾಡು ಯೀಸ್ಟಿಗೆ ಇದ್ದ ಒಂದೇ ಮನೆಯೆಂದರೆ ಏಳನೇ ಪೀಪಾಯಿಯ ಮರ. ಇವನು ಅದರ ಇಡೀ ವಂಶವನ್ನೇ ಬೇಯಿಸಿದ್ದ. ಅಂಗಡಿಗೆ ಹೋದ ಬಾಟಲಿಗಳಲ್ಲಿ ಹುಡುಕೋಣವೆಂದರೆ, ಈಗೀಗ ಎಲ್ಲವನ್ನೂ ಕಾಯಿಸಿ, ಸೋಸಿಯೇ ತುಂಬುತ್ತಾರೆ, ಅದರಲ್ಲಿ ಜೀವವಿರುವುದಿಲ್ಲ.

"ಆ ಕುದುರೆ ವಾಪಸ್ ಬಂದ ದಿನ ನಿನ್ನ ಕಾಗದಕ್ಕೆ ಸಹಿ ಹಾಕ್ತೀನಿ," ಎಂದರು ಅತ್ತೆ. "ಬರ್ಲಿಲ್ಲ ಅಂದ್ರೆ ನೀನು ಹೋಟೆಲಲ್ಲಿ ಪಾತ್ರೆ ತೊಳೀಬಹುದು. ಅಲ್ಲಿ ನಿನ್ನ ತಲೆ ಮೇಲೆ ಹೊತ್ತು ತಿರುಗ್ತಾರೆ."

ಸೋಸದೆ ತುಂಬಿದ ಹಳೇ ಬಾಟಲಿ ಯಾರ ಬಳಿಯಾದರೂ ಇದೆಯೇ ಎಂದು ಅವನು ಕಾರ್ಖಾನೆಯಲ್ಲೆಲ್ಲ ಹಲ್ಲುಗಿಂಜುತ್ತ ತಿರುಗಿದ. ಕೊನೆಗೆ ಸಿಕ್ಕಿದ್ದು ಲಾರಿ ಡ್ರೈವರನ ಮನೆಯ ಕಪಾಟಿನಲ್ಲಿ. ಇಪ್ಪತ್ತೆರಡು ವರ್ಷದ ಹಿಂದೆ ಮಗ ಹುಟ್ಟಿದಾಗ ಏಳನೇ ಪೀಪಾಯಿಯಿಂದಲೇ ತುಂಬಿಸಿಕೊಂಡಿದ್ದ ಬಾಟಲಿ. ಮಗ ಡ್ರೈವಿಂಗ್ ಲೈಸೆನ್ಸ್ ಪಡೆದ ದಿನ ತೆಗೆಯಬೇಕೆಂದು ಇಟ್ಟಿದ್ದು. ಮಗ ಈವರೆಗೆ ಒಂಬತ್ತು ಸಲ ಫೇಲಾಗಿದ್ದ. ಒಂಬತ್ತನೆಯ ಸಲವಂತೂ ಪರೀಕ್ಷಕರ ಸ್ಕೂಟರಿಗೇ ಗುದ್ದಿದ್ದ. ಈಗ ಬಾಟಲಿ ತೆಗೆದರೆ ಮಗನ ಮೇಲಿನ ಆಸೆ ಬಿಟ್ಟಂತೆ ಎಂದು ಡ್ರೈವರ್ ಕಣ್ಣಲ್ಲಿ ನೀರು ತಂದುಕೊಂಡ. ಫಳಫಳ ಕಾಲು ಹಿಡಿಯುವುದೊಂದು ಬಾಕಿ.

ಡ್ರೈವರನ ಹೆಂಡತಿ ಒಳಗಿನಿಂದಲೇ ಹೇಳಿದಳು: "ಅವನು ಲೈಸೆನ್ಸ್ ತಗೊಳ್ಳೋಷ್ಟರಲ್ಲಿ ಅದು ವಿನೆಗರ್ ಆಗಿರುತ್ತೆ. ಕೊಟ್ಟು ಕಳಿಸ್ರಿ."

ಅತ್ತೆಯನ್ನು ಕರೆಸಿ ಬಿರಡೆ ತೆಗೆದರು. ಒಬ್ಬೊಬ್ಬರಿಗೆ ಎರಡು ಗುಟುಕು. ಅವನ ನಾಲಿಗೆಗೆ ಮೊದಲು ಒಣದ್ರಾಕ್ಷಿ ಸಿಕ್ಕಿತು, ಹಿಂದೆಯೇ ಹಳೇ ಚರ್ಮದ ಚೀಲ, ಆಮೇಲೆ ಮಳೆಯಲ್ಲಿ ನೆನೆದು ಬಂದ ಇಡೀ ಕುದುರೆ. ಕೊನೆಗೊಂದು ಹುಳಿ ಬಂದು ಕಿವಿಯ ಹಿಂದೆ ಚಿವುಟಿತು. ದ್ರಾಕ್ಷಿ ವಯಸ್ಸಿನದ್ದು, ಬಿರಡೆಯ ಸಂದಿನಿಂದ ಗಾಳಿ ಇಷ್ಟಿಷ್ಟೇ ನುಸುಳಿ ಮಾಡಿದ ಕೆಲಸ. ಕುದುರೆ ಮಾತ್ರ ಯೀಸ್ಟಿನದ್ದು ಎಂದು ಅತ್ತೆ ಬಿಡಿಸಿ ಹೇಳಿದರು. ತಳದಲ್ಲಿ ಉಳಿದ ಒಂದು ಚಮಚ ಗಸಿಯನ್ನು ಮೊಳಕೆ ಬಾರ್ಲಿಯ ಸಿಹಿ ಮಾಲ್ಟ್ ರಸವಿದ್ದ ಜಾಡಿಗೆ ಬಗ್ಗಿಸಿ ಅವನ ಕೈಗಿತ್ತರು. ಬೆಚ್ಚಗಿಡು, ಬದುಕಿದ್ದರೆ ಎದ್ದೇಳುತ್ತದೆ ಎಂದರು.

ಜಾಡಿ ಅವನ ಮಂಚದ ಪಕ್ಕ ಕೂತಿತು. ಐದನೇ ವಾರ ರಸದ ಮೇಲೆ ಬಿಳಿ ಪೊರೆಯೊಂದು ಸುಕ್ಕುಸುಕ್ಕಾಗಿ ಹರಡಿ, ಅಲ್ಲಲ್ಲಿ ಗುಳ್ಳೆ ಎದ್ದಿತು. ಅದನ್ನು ಕಂಡಾಗಲೆಲ್ಲ ಅವನ ಬೆರಳು ತುರಿಸುತ್ತಿತ್ತು. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಿದ್ದ. ಒಂದು ಭಾನುವಾರ ಅಮ್ಮ ಬ್ರಷ್ಷು, ಬಿಸಿನೀರು ಹಿಡಿದು ಕೋಣೆಗೆ ಬಂದಳು. ಅವನು ಎರಡೂ ತೋಳು ಚಾಚಿ ಜಾಡಿಗೆ ಅಡ್ಡ ನಿಂತ.

"ಅಮ್ಮಾ, ಇದನ್ನ ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ."

"ಈ ಬೂಷ್ಟು ನಿನಗೆ ಸಂಬಳ ಕೊಡುತ್ತಾ?"

"ಕೊಡಬೇಕು ಅಂತ್ಲೇ ಸಾಕ್ತಾ ಇದೀನಿ."

ಅಮ್ಮ ನಾದಿನಿಯನ್ನೂ ನಾದಿನಿಯ ತವರನ್ನೂ ಒಟ್ಟಿಗೆ ಸೇರಿಸಿ ಬೈದು, ಕೋಣೆಯ ಉಳಿದ ಮೂರು ಮೂಲೆಗಳನ್ನು ಉಜ್ಜಿ ಹೋದಳು.

ಜಾಡಿಯನ್ನು ಪೀಪಾಯಿಗೆ ಸುರಿದು, ಮೇಲೆ ಹೊಸ ಏಲ್ ತುಂಬಿಸಿದರು. ಆಮೇಲೆ ಕಾಯುವುದೊಂದೇ. ಆರು ತಿಂಗಳಿಗೆ ಅತ್ತೆ ರುಚಿ ನೋಡಿ, ಬರೀ ಸಿಹಿ ಎಂದರು. ವರ್ಷಕ್ಕೆ ಸ್ವಲ್ಪ ಹುಳಿ ಎಂದರು, ಕುದುರೆಯ ಸುಳಿವಿಲ್ಲ. ಅಷ್ಟರಲ್ಲಿ ಅವನಿಗಿಂತ ತಡವಾಗಿ ಸೇರಿದ ಇಬ್ಬರು ಕಾಯಂ ಆಗಿದ್ದರು. ಅವನು ದಿನಾ ಬೆಳಿಗ್ಗೆ ಪೀಪಾಯಿಯ ಬಳಿ ಹೋಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದಯವಿಟ್ಟು ಸ್ವಲ್ಪ ನಾರಿ ಸಾರ್, ಎಂದು ಕೈಮುಗಿದು ಬರುತ್ತಿದ್ದ.

ಹದಿನೆಂಟನೇ ತಿಂಗಳು ಅತ್ತೆ ಮತ್ತೆ ಲೋಟ ಹಿಡಿದರು. ಮೂಗಿಗೆ ತಂದರು, ಒಂದು ಗುಟುಕು ಕುಡಿದರು. ಮುಖ ಹುಳ್ಳಗಾಯಿತು. ಅತ್ತೆ ಲೋಟವನ್ನು ಅವನತ್ತ ಚಾಚಿದರು.

ಅವನು ಮೂಸಿದ. ಒದ್ದೆ ಕುದುರೆ.

"ಗಬ್ಬು ನಾರ್ತಾ ಇದೆ, ಅತ್ತೆ," ಎಂದ.

"ಪೆನ್ನು ಕೊಡು," ಎಂದರು ಅತ್ತೆ.